ಕೋವಿ ರಿಪೇರಿ ಅಂಗಡಿ ತೆರೆದ ನನ್ನ ಅನುಭವ

ಕೋವಿಯ ಕೆಲಸ ನನಗೆ ತಂದೆಯವರಿಂದ ಬಂದದ್ದು. ಪರವಾನಗಿ ಹೊಂದಿದ್ದ ಅಂಗಡಿಯೊಂದರಲ್ಲಿ ಅವರು ಇಪ್ಪತ್ತು ವರ್ಷ ದುಡಿದಿದ್ದರು. ಹೀಗಾಗಿ ಸ್ವಂತ ಅಂಗಡಿ ತೆರೆಯುವಾಗ ಕಸುಬಿನ ಬಗ್ಗೆ ಅಳುಕಿರಲಿಲ್ಲ, ಕಾಗದಪತ್ರಗಳ ಬಗ್ಗೆ ಮಾತ್ರ ಏನೂ ತಿಳಿದಿರಲಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನಂತೆ ಕೋವಿ ತಯಾರಿಸಲು, ಮಾರಲು ಬೇಕಾದಂತೆಯೇ ದುರಸ್ತಿಗೂ ಪರವಾನಗಿ ಬೇಕು. ಅದಿಲ್ಲದೆ ಕೆಲಸಕ್ಕೆ ಕೈಹಾಕಿದವರಿಗೆ 2019ರ ತಿದ್ದುಪಡಿಯ ನಂತರ ಕನಿಷ್ಠ 7 ವರ್ಷ ಸೆರೆವಾಸ.

ಜಿಲ್ಲಾಧಿಕಾರಿಗಳ ಕಚೇರಿಗೆ ಕೊಟ್ಟ ಅರ್ಜಿ ಪೊಲೀಸ್ ವರದಿಗಾಗಿ ಠಾಣೆಯವರೆಗೆ ಇಳಿದು ಮತ್ತೆ ಮೇಲೇರಬೇಕು. ಬಾಡಿಗೆ ಕರಾರಿನಲ್ಲಿದ್ದ ಕಟ್ಟಡದ ಸಂಖ್ಯೆಯೂ ತೆರಿಗೆ ರಸೀದಿಯ ಸಂಖ್ಯೆಯೂ ತಾಳೆಯಾಗದೆ ನನ್ನ ಕಡತ ಒಮ್ಮೆ ವಾಪಸಾಯಿತು. ಅದೊಂದರಲ್ಲೇ ಇಡೀ ಮಳೆಗಾಲ ಕಳೆಯಿತು.

ನಮ್ಮ ತಾಲೂಕು ಕೊಡಗಿನ ಗಡಿಗೆ ಅಂಟಿಕೊಂಡಿದೆ. ಅಲ್ಲಿನ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಜಮೀನಿನ) ಹಿಡುವಳಿದಾರರಿಗೂ ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳಲು ಇರುವ ವಿನಾಯಿತಿಯನ್ನು 2029ರವರೆಗೆ ವಿಸ್ತರಿಸಲಾಗಿದೆ. ಆ ವಿನಾಯಿತಿ ಕೋವಿಯ ಒಡೆಯರಿಗೆ ಸಂಬಂಧಿಸಿದ್ದು, ರಿಪೇರಿ ಮಾಡುವವನಿಗಲ್ಲ ಎಂಬುದನ್ನು ಮೊದಲ ವರ್ಷ ಎಷ್ಟೋ ಗಿರಾಕಿಗಳಿಗೆ ಬಿಡಿಸಿ ಹೇಳಬೇಕಾಯಿತು.

ಕೆಲಸದಲ್ಲಿ ಬಹುಪಾಲು ತುಕ್ಕಿನದೇ. ಬಟ್ಟೆಯಲ್ಲಿ ಸುತ್ತಿ ಅಟ್ಟದಲ್ಲಿಟ್ಟ ಜೋಡು ನಳಿಗೆಯ ಕೋವಿ ಹೊರಗೆ ಫಳಫಳ ಹೊಳೆಯುತ್ತಿದ್ದರೂ, ಬೆಳಕಿಗೆ ಹಿಡಿದು ನಳಿಗೆಯೊಳಗೆ ನೋಡಿದರೆ ಸಿಡುಬಿನ ಕಲೆಗಳಂತಹ ಗುಳಿಗಳು ಕಾಣುತ್ತವೆ. ಗುಳಿ ಆಳವಾಗಿದ್ದರೆ ಉಜ್ಜಿ ನುಣುಪು ಮಾಡಿಕೊಡುವುದಿಲ್ಲ. ನಳಿಗೆ ತೆಳುವಾಗಿ ಒಡೆದರೆ ಹೋಗುವುದು ಹೊಡೆದವರ ಕೈ. ನಳಿಗೆ ಕತ್ತರಿಸಿ ಮೋಟು ಮಾಡಿಕೊಡಿ ಎಂದು ಕೇಳುವವರನ್ನಂತೂ ಮೆಟ್ಟಿಲಿನಿಂದಲೇ ಕಳುಹಿಸುತ್ತೇನೆ. ಪರವಾನಗಿಯಿಲ್ಲದೆ ನಳಿಗೆ ಮೋಟು ಮಾಡಬಾರದು ಎನ್ನುವ ಅದೇ ಕಾಯ್ದೆಯ 6ನೇ ಕಲಂ ಅದಕ್ಕೆಂದೇ ಇದೆ.

ರಿಜಿಸ್ಟರಿನಲ್ಲಿ ಬರೆಯುವ ಮೊದಲು ಕೋವಿಯ ಮೇಲಿನ ನಂಬರನ್ನು ಪರವಾನಗಿಯೊಂದಿಗೆ ಒಂದೊಂದೇ ಅಂಕಿಯಾಗಿ ತಾಳೆ ನೋಡುತ್ತೇನೆ. ಒಮ್ಮೆ ಪರಿಚಯದ ಹಿರಿಯರೊಬ್ಬರು ಕುದುರೆ (ಕೇಪಿಗೆ ಬಡಿಯುವ ಸುತ್ತಿಗೆಯಂಥ ಭಾಗ) ಎಳೆದರೆ ನಿಲ್ಲದ, ಸಿಡಿಮದ್ದಿನ ಪುಟ್ಟ ಕೇಪು ಇಟ್ಟು ಹೊಡೆಯುವ ಹಳೆಯ ಬಗೆಯ ಕೋವಿ ತಂದರು. ನಂಬರು ಸರಿಯಿತ್ತು, ಹೆಸರು ತೀರಿಹೋದ ಅವರ ಅಣ್ಣನದು. "ಒಂದು ಸ್ಪ್ರಿಂಗಿಗೆ ಇಷ್ಟೆಲ್ಲ ಯಾಕಪ್ಪ?" ಎಂದರು. "ನಾನು ಮುಟ್ಟುವ ಹಾಗಿಲ್ಲ ದೊಡ್ಡಪ್ಪ, ಮೊದಲು ಠಾಣೆಯಲ್ಲಿ ಒಪ್ಪಿಸಿ" ಎಂದೆ. ಮುನಿಸಿಕೊಂಡೇ ಹೋದವರು ಎಂಟು ತಿಂಗಳ ಬಳಿಕ ತಮ್ಮ ಹೆಸರಿನ ಪರವಾನಗಿ ಹಿಡಿದು ಬಂದರು. ಅಷ್ಟರಲ್ಲಿ ಕೋವಿಗೆ ಇನ್ನೊಂದು ಮಳೆಗಾಲದ ತುಕ್ಕು ಹಿಡಿದಿತ್ತು.