ಕಿವಿಗೆ ಹೋದದ್ದೇ ಬಾಯಿಗೆ ಬರುತ್ತದೆ

ಕುಂದಾಪುರದ ಹತ್ತಿರ ನಮ್ಮೂರಿನಲ್ಲಿ ಸೋದರಮಾವನದ್ದು ಒಂದು ಮೈಕ್ ಸೆಟ್ ಇತ್ತು. ಎರಡು ಹಾರ್ನ್, ಒಂದು ಆಂಪ್ಲಿಫೈಯರ್, ಮೂರು ಮೈಕು. ಬಯಲಾಟ, ಮದುವೆ, ಚುನಾವಣೆ ಎಲ್ಲಕ್ಕೂ ಅದೇ. ಶಾಲೆಗೆ ರಜೆ ಬಂತೆಂದರೆ ನಾನು ಮಾವನ ಹಿಂದೆ. ನನಗೆ ಸಿಕ್ಕಿದ ಮೊದಲ ಕೆಲಸ ವಯರ್ ಸುತ್ತುವುದು. ತಿರುಚಿಕೊಳ್ಳದ ಹಾಗೆ, ಒಂದು ಸುತ್ತು ಮೇಲಿಂದ, ಇನ್ನೊಂದು ಕೆಳಗಿಂದ. “ವಯರ್ ಸುತ್ತುಕ್ ಬಾರ್ದಿದ್ದವ್ರ್ ಮೈಕ್ ಮುಟ್ಟುಕಾಗ” ಅಂತ ಮಾವ ಹೇಳುತ್ತಿದ್ದರು. ಬೆಳಗಿನ ಜಾವ ದನಿ ಏರಿಸಿ ಹಾಡುವ ಏರು ಪದ್ಯ ಶುರುವಾದಾಗ, ಆಟದಲ್ಲಿ ಪದ್ಯ ಹಾಡುವ ಭಾಗವತರ ಮೈಕನ್ನು ಎಷ್ಟು ದೂರ ಸರಿಸಬೇಕು ಅನ್ನುವುದನ್ನೂ ಅಲ್ಲೇ ಕಲಿತೆ.

1997ರಲ್ಲಿ ಪಿಯುಸಿ ಮುಗಿಸಿ ಮುಂಬಯಿಗೆ ಬಂದೆ. ಚಿಕ್ಕಪ್ಪ ಮಾಟುಂಗದ ಒಂದು ಹೋಟೆಲಿನಲ್ಲಿ ಗಲ್ಲಾ ನೋಡಿಕೊಳ್ಳುತ್ತಿದ್ದರು. ನಾನೂ ಆರು ತಿಂಗಳು ಅಲ್ಲೇ ಇದ್ದೆ. ಬೆಳಿಗ್ಗೆ ತಿಂಡಿಗೆ ಬರುತ್ತಿದ್ದ ಒಬ್ಬ ತಬಲಾ ವಾದಕರಿಗೆ ಊರಿನ ಮೈಕ್ ಸೆಟ್ ಕಥೆ ಹೇಳಿದ್ದೆ. ಅವರು ನನ್ನನ್ನು ಅಂಧೇರಿಯ ಒಂದು ಸಣ್ಣ ರೆಕಾರ್ಡಿಂಗ್ ಸ್ಟುಡಿಯೋಗೆ ಕರೆದುಕೊಂಡು ಹೋಗಿ ಬಿಟ್ಟರು.

ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಶಬ್ದಕ್ಕೆಂದೇ ಮೂರು ವರ್ಷದ ಕೋರ್ಸ್ ಇದೆ. 2009ರಲ್ಲಿ ಆಸ್ಕರ್ ಗೆದ್ದ ರಸೂಲ್ ಪೂಕುಟ್ಟಿ ಅಲ್ಲೇ ಓದಿದವರು. ಅಲ್ಲಿಗೆ ಹೋಗುವ ಅನುಕೂಲ ನನಗಿರಲಿಲ್ಲ. ಯಾರಿಗೆ ಆಗುತ್ತದೋ ಅವರು ಖಂಡಿತ ಹೋಗಬೇಕು. ನಾನು ಕಲಿತದ್ದು ಮೂಲೆಯಲ್ಲಿ ನಿಂತು, ನೋಡಿ.

ಆಗ ನಮ್ಮ ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡುವುದಕ್ಕೆ ಮೂರು ಏಡ್ಯಾಟ್ (ADAT) ಮೆಷಿನ್ ಇದ್ದವು. ವಿಡಿಯೋ ಕ್ಯಾಸೆಟ್ಟಿನಂಥ ಟೇಪು, ಒಂದೊಂದರಲ್ಲಿ 8 ಟ್ರ್ಯಾಕ್, ಅಂದರೆ 8 ಶಬ್ದಗಳನ್ನು ಬೇರೆ ಬೇರೆಯಾಗಿ ಹಿಡಿದಿಡಬಹುದು. ಮೂರನ್ನೂ ಜೋಡಿಸಿದರೆ 24. ರಿವೈಂಡ್ ಮಾಡಿ ಪ್ಲೇ ಒತ್ತಿದರೆ ಮೂರೂ ಒಂದಕ್ಕೊಂದು ಹೊಂದಿಕೊಳ್ಳುವವರೆಗೆ ಕಾಯಬೇಕು. ಆ ಕೆಲವು ಸೆಕೆಂಡು ಕೋಣೆಯಲ್ಲಿ ಎಲ್ಲರೂ ಸುಮ್ಮನಿರುತ್ತಿದ್ದರು. ಹಾಡುವವರು ಉಸಿರು ಎಳೆದುಕೊಳ್ಳುತ್ತಿದ್ದರು, ಬರೆದುಕೊಂಡ ಸಾಲನ್ನು ಇನ್ನೊಮ್ಮೆ ನೋಡುತ್ತಿದ್ದರು. ಈಗ ಕಂಪ್ಯೂಟರಿನಲ್ಲಿ ಒತ್ತಿದ ತಕ್ಷಣ ಶುರು. ಅದಕ್ಕೆ ನಾನು ಈಗಲೂ ಒಂದು ಟೇಕ್ ಆದ ಮೇಲೆ ಬೇಕೆಂದೇ ಸ್ವಲ್ಪ ಹೊತ್ತು ಬಿಡುತ್ತೇನೆ. ಹಾಡುವವರಿಗೆ ಆ ಬಿಡುವು ಬೇಕು.

ಎರಡು ವರ್ಷ ನನ್ನ ಕೆಲಸ ವಯರು, ಸ್ಟ್ಯಾಂಡು, ಚಹಾ, ಮತ್ತು ಯಾವ ಟ್ರ್ಯಾಕಿನಲ್ಲಿ ಏನಿದೆ ಅಂತ ಹಾಳೆಯಲ್ಲಿ ಬರೆಯುವುದು. ಒಂದು ದಿನ ನಮ್ಮ ರೆಕಾರ್ಡಿಸ್ಟ್‌ಗೆ ಜ್ವರ ಬಂತು. ಭಜನೆಯ ಕ್ಯಾಸೆಟ್ ಒಂದರ ಡಬ್ಬಿಂಗ್ ಇತ್ತು. ಸಿನಿಮಾದ ಡಬ್ಬಿಂಗ್ ಅಲ್ಲ. ತಯಾರಾದ ಟ್ರ್ಯಾಕಿನ ಮೇಲೆ ಹಾಡುವುದಕ್ಕೆ ನಮ್ಮಲ್ಲಿ ಹಾಗೆ ಹೇಳುತ್ತಾರೆ. ಹಾಡುವ ಅಕ್ಕನ ಶ್ರುತಿ ಒಂದೇ ಸಮನೆ ಇಳಿಯುತ್ತಿತ್ತು. ಹನ್ನೊಂದು ಟೇಕ್ ಆಯಿತು. ವಾದ್ಯಗಳನ್ನು ಜೋಡಿಸಿದ ಅರೇಂಜರ್ ಗಾಜಿನ ಈಚೆ ಕೂತು ಗೊಣಗುತ್ತಿದ್ದರು. ಆ ಅಕ್ಕನ ಕಣ್ಣಲ್ಲಿ ನೀರು ಬಂದಿತ್ತು.

ನಾನು ನೀರು ಕೊಡುವ ನೆಪದಲ್ಲಿ ಒಳಗೆ ಹೋದೆ. “ದೀದಿ, ಒಂದು ಸಲ ನಾನು ಕೇಳಲಾ?” ಅಂತ ಅವರ ಹೆಡ್‌ಫೋನ್ ಹಾಕಿಕೊಂಡೆ. ಕಿವಿ ಹರಿದು ಹೋಗುವಷ್ಟು ಜೋರು. ಕೀಬೋರ್ಡಿನ ಬೇಸ್ ಗುಂಯ್ ಅನ್ನುತ್ತಿತ್ತು. ತಂಬೂರಿ ಕೇಳಿಸುತ್ತಲೇ ಇರಲಿಲ್ಲ. ಹೊರಗೆ ಬಂದು ಬೇಸ್ ಇಳಿಸಿದೆ, ಒಟ್ಟು ಶಬ್ದ ಅರ್ಧ ಮಾಡಿದೆ, ತಂಬೂರಿ ಏರಿಸಿದೆ. ಒಂದು ಕಿವಿಯನ್ನು ತೆರೆದಿಟ್ಟುಕೊಳ್ಳಿ ಅಂದೆ. ಮುಂದಿನ ಟೇಕೇ ಓಕೆ ಆಯಿತು. ಕ್ಯಾಸೆಟ್ಟಿನಲ್ಲಿ ಇರುವುದೂ ಅದೇ.

ಅವತ್ತಿನಿಂದ ನನ್ನ ಕೆಲಸದ ಅಭ್ಯಾಸ ಬದಲಾಯಿತು. ಹಾಡುವವರು ಬರುವ ಮೊದಲು ಅವರ ಹೆಡ್‌ಫೋನನ್ನು ನಾನು ಹಾಕಿಕೊಂಡು, ಅವರ ಮೈಕಿನ ಮುಂದೆ ನಿಂತು, ಎರಡು ಸಾಲು ಹಾಡಿ ನೋಡುತ್ತೇನೆ. ಅವರ ದನಿ ಅವರ ಕಿವಿಗೆ ಜಾಸ್ತಿ ಕೇಳಿದರೆ ಮೆತ್ತಗೆ ಹಾಡುತ್ತಾರೆ. ಕಡಿಮೆ ಕೇಳಿದರೆ ಗಂಟಲು ಬಿಟ್ಟು ಹಾಡುತ್ತಾರೆ. ಲಾಲಿಗೆ ಒಂದು ರೀತಿ, ವೀರರಸದ ಹಾಡಿಗೆ ಇನ್ನೊಂದು ರೀತಿ ಇಟ್ಟರೆ ಸಾಕು. “ಇನ್ನೂ ಜೋರಾಗಿ” ಅಂತ ಟಾಕ್‌ಬ್ಯಾಕಿನಲ್ಲಿ (ಗಾಜಿನ ಆಚೆಯವರ ಜೊತೆ ಮಾತಾಡುವ ಮೈಕು) ಹೇಳಬೇಕಾಗಿಯೇ ಇಲ್ಲ. ಸ್ವಲ್ಪ ರಿವರ್ಬ್, ಅಂದರೆ ದೊಡ್ಡ ಕೋಣೆಯ ಮಾರ್ದನಿಯಂಥದ್ದು, ಬೇಕೆಂದರೆ ಅವರ ಕಿವಿಗೆ ಮಾತ್ರ ಕೊಡುತ್ತೇನೆ, ರೆಕಾರ್ಡಿಂಗಿಗೆ ಸೇರಿಸುವುದಿಲ್ಲ.

ಕಂಪ್ಯೂಟರ್ ಬಂದ ಮೇಲೆ ಹೊಸ ತೊಂದರೆ ಬಂತು, ಲೇಟೆನ್ಸಿ. ಅಂದರೆ ಹಾಡಿದ್ದು ಕಿವಿಗೆ ತಡವಾಗಿ ಬರುವುದು. ಮನೆಯಲ್ಲೇ ರೆಕಾರ್ಡ್ ಮಾಡುವ ಹುಡುಗರು ಇದನ್ನು ಗಮನಿಸುವುದೇ ಇಲ್ಲ. ಕಂಪ್ಯೂಟರ್ ಶಬ್ದವನ್ನು ಸಣ್ಣ ತುಣುಕು (ಸ್ಯಾಂಪಲ್) ಮಾಡಿ, ಒಂದಷ್ಟನ್ನು ಕೂಡಿಟ್ಟುಕೊಂಡು ಕಳಿಸುತ್ತದೆ, ಅದೇ ಬಫರ್. ಬಫರ್ 1024 ಸ್ಯಾಂಪಲ್ ಇದ್ದರೆ, 44.1 ಕಿಲೋಹರ್ಟ್ಸ್‌ನಲ್ಲಿ (ಸೆಕೆಂಡಿಗೆ 44,100 ಸ್ಯಾಂಪಲ್) ಅದು ಸುಮಾರು 23 ಮಿಲಿಸೆಕೆಂಡ್. ಒಳಗೆ ಹೋಗುವಾಗ ಒಮ್ಮೆ, ಹೊರಗೆ ಬರುವಾಗ ಇನ್ನೊಮ್ಮೆ. ತನ್ನ ದನಿಯೇ ತಡವಾಗಿ ಕೇಳಿದರೆ ಯಾರಿಗೆ ತಾನೇ ತಾಳ ನಿಲ್ಲುತ್ತದೆ? ಆಮೇಲೆ ಹಾಡಿದವರನ್ನೇ ಬೈಯುತ್ತಾರೆ. ರೆಕಾರ್ಡ್ ಮಾಡುವಾಗ 64ಕ್ಕೋ 128ಕ್ಕೋ ಇಳಿಸಿ. ಎಲ್ಲ ಟ್ರ್ಯಾಕ್ ಸೇರಿಸಿ ಮಿಕ್ಸ್ ಮಾಡುವಾಗ ಬೇಕಾದರೆ ಏರಿಸಿಕೊಳ್ಳಿ.

ಯಾವ ಮೈಕ್ ಕೊಳ್ಳಲಿ ಅಂತ ಫೋನ್ ಮಾಡುವವರು ಬಹಳ. ಲಕ್ಷಗಟ್ಟಲೆ ಬೆಲೆಯ ಮೈಕೂ ಕೆಟ್ಟ ಕೋಣೆಯಲ್ಲಿ ಕೆಟ್ಟದಾಗಿಯೇ ಕೇಳುತ್ತದೆ. ಮೊದಲು ಕೋಣೆ. ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸಿದರೆ ಪಕ್ಕದ ಮನೆಯ ಟಿವಿ ನಿಲ್ಲುವುದಿಲ್ಲ. ಅದಕ್ಕೆ ದಪ್ಪ ಗೋಡೆ ಬೇಕು, ಬಾಗಿಲ ಸಂದು ಮುಚ್ಚಬೇಕು. ಒಳಗಿನ ಗುಂಯ್‌ಗುಡುವಿಕೆಗೆ ರಾಕ್‌ವುಲ್ (ಕಲ್ಲಿನ ನಾರಿನ ಹಾಸು), ಹತ್ತಿಯ ಹಾಸಿಗೆ, ಪುಸ್ತಕದ ಕಪಾಟು ಕೆಲಸಕ್ಕೆ ಬರುತ್ತವೆ. ಮೈಕಿನಿಂದ ಬಾಯಿಗೆ ಒಂದು ಗೇಣು ದೂರ ಇರಲಿ. ತೀರ ಹತ್ತಿರ ಬಂದರೆ ದನಿಯ ತಗ್ಗಿನ ಭಾಗ ಉಬ್ಬಿಕೊಂಡು, ಯಾರು ಹಾಡಿದರೂ ಒಂದೇ ಥರ ಕೇಳಿಸುತ್ತದೆ.

2005ರ ಜುಲೈ 26 ನಮ್ಮ ಸ್ಟುಡಿಯೋದ ಕೊನೆಯ ದಿನ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿತ್ತು. ನಮ್ಮದು ನೆಲಮಹಡಿ. ಮಧ್ಯಾಹ್ನ ಹೊಸ್ತಿಲು ದಾಟಿದ ನೀರು ಸಂಜೆಗೆ ಸೊಂಟದವರೆಗೆ ಬಂತು. ಮಿಕ್ಸರ್ ಹೋಯಿತು, ಎರಡು ಹಾರ್ಡ್ ಡಿಸ್ಕ್ ಹೋದವು. ಕೆಳಗಿನ ಕಪಾಟಿನಲ್ಲಿದ್ದ ಎಂಟು ವರ್ಷದ ಟೇಪುಗಳು ಕೆಸರಾದವು. ಯಾವುದಕ್ಕೂ ಇನ್ನೊಂದು ಪ್ರತಿ ಇರಲಿಲ್ಲ. ಆ ಟೇಪುಗಳಲ್ಲಿ ಹಾಡಿದ್ದ ಇಬ್ಬರು ಆಗಲೇ ತೀರಿಹೋಗಿದ್ದರು. ಅವರ ಮನೆಯವರಿಗೆ ಫೋನ್ ಮಾಡಿ ಹೇಳಬೇಕಾಯಿತು. ಆ ಎರಡು ಫೋನ್ ನನಗೆ ಇನ್ನೂ ಮರೆತಿಲ್ಲ. ಈಗ ಪ್ರತಿ ಸೆಷನ್ನಿಗೂ ಮೂರು ಪ್ರತಿ ಮಾಡುತ್ತೇನೆ. ಒಂದು ಯಾವಾಗಲೂ ಬೇರೆ ಕಟ್ಟಡದಲ್ಲಿ ಇರುತ್ತದೆ.

ಆಮೇಲೆ ಡೊಂಬಿವಲಿಯಲ್ಲಿ ನನ್ನದೇ ಕೋಣೆ ಮಾಡಿಕೊಂಡೆ. ಮೂರನೆಯ ಮಹಡಿ. ಲೋಕಲ್ ರೈಲಿನ ಸದ್ದು ನಿಲ್ಲುವ ಹೊತ್ತಿಗೆ ಕೆಲಸ ಶುರು, ಸೊಸೈಟಿಯ ನೀರಿನ ಪಂಪ್ ಶುರುವಾಗುವ ಐದು ಗಂಟೆಗೆ ಮುಕ್ತಾಯ. ಫ್ಯಾನ್, ಎಸಿ ಎರಡೂ ಬಂದ್. ಮೇ ತಿಂಗಳಲ್ಲಿ ಹಾಡುವವರಿಗೆ ಟವೆಲ್ ಕೊಟ್ಟು ಒಳಗೆ ಕಳಿಸುತ್ತಿದ್ದೆ. ಮಳೆಗಾಲದಲ್ಲಿ ಮೈಕುಗಳನ್ನು ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಇಡಬೇಕು. ತಬಲಾದ ಚರ್ಮ ತೇವಕ್ಕೆ ಇಳಿಯುತ್ತದೆ, ಆದ್ದರಿಂದ ಪ್ರತಿ ಟೇಕಿಗೂ ಶ್ರುತಿ ನೋಡಬೇಕು.

ದುಡ್ಡಿನ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಬರೀ ರೆಕಾರ್ಡಿಸ್ಟ್ ಆಗಿದ್ದರೆ ನಿಮಗೆ ಸಿಗುವುದು ಶಿಫ್ಟಿನ ಕೂಲಿ ಮಾತ್ರ. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಧ್ವನಿಮುದ್ರಣದ ಹಕ್ಕು ಅದರ ನಿರ್ಮಾಪಕರದ್ದು, ಬಿಡುಗಡೆಯಾದ ಮೇಲೆ 60 ವರ್ಷ. ಹಾಗಾಗಿ ದುಡ್ಡು ಹಾಕಿ, ಕಲಾವಿದರನ್ನು ಸೇರಿಸಿ ನೀವೇ ನಿರ್ಮಾಪಕರಾದರೆ ಅದನ್ನು ಕಾಗದದಲ್ಲಿ ಬರೆಸಿಕೊಳ್ಳಿ. ನಾನು ಒಮ್ಮೆ ಬಾಯಿಮಾತಿನ ಮೇಲೆ ಒಂದಿಡೀ ಆಲ್ಬಮ್ ಮಾಡಿಕೊಟ್ಟೆ. ಬಿಡುಗಡೆಯಾದಾಗ ನನ್ನ ಹೆಸರೂ ಇರಲಿಲ್ಲ, ಅರ್ಧ ದುಡ್ಡೂ ಬರಲಿಲ್ಲ.

ನಾನೇ ದುಡ್ಡು ಹಾಕಿ ಮಾಡಿದ ಮೊದಲ ಕೆಲಸ ಯಕ್ಷಗಾನದ ಪದ್ಯಗಳದ್ದು. ಊರಿನಿಂದ ಮುಂಬಯಿಗೆ ಆಟಕ್ಕೆ ಬಂದಿದ್ದ ಹಿರಿಯ ಭಾಗವತರು ಎರಡು ದಿನ ಕೊಟ್ಟರು. ಚಂಡೆಗೆ ನನ್ನ ಕೋಣೆ ಎಲ್ಲಿ ಸಾಕಾಗುತ್ತದೆ? ಗೋರೆಗಾಂವ್‌ನಲ್ಲಿ ಒಂದು ದೊಡ್ಡ ಹಾಲ್ ಬಾಡಿಗೆಗೆ ಹಿಡಿದೆ. ಭಾಗವತರನ್ನು ಗಾಜಿನ ಬೂತಿನಲ್ಲಿ ಕೂರಿಸಿದೆ. ಮದ್ದಳೆ ಒಂದು ಕಡೆ, ಚಂಡೆ ಹೊರಗೆ. ಎಲ್ಲರಿಗೂ ಹೆಡ್‌ಫೋನ್ ಕೊಟ್ಟೆ, ಮಿಕ್ಸ್ ನಾನೇ ಕೇಳಿ ಸರಿ ಮಾಡಿದ್ದೆ.

ನಾಲ್ಕು ಸಾಲು ಹಾಡಿ ಭಾಗವತರು ನಿಲ್ಲಿಸಿದರು. “ಇದ್ ಕೆಮಿಗ್ ಹಾಯ್ಕಂಡ್ರೆ ನಂಗ್ ಹಾಡುಕ್ ಆತಿಲ್ಲೆ ಮಾಣಿ” ಅಂದರು. ಕೆಮಿ ಅಂದರೆ ನಮ್ಮೂರ ಮಾತಿನಲ್ಲಿ ಕಿವಿ. ನಾನು ಇನ್ನಷ್ಟು ಸರಿಪಡಿಸಿದೆ. ಮತ್ತೆ ನಿಲ್ಲಿಸಿದರು. ಮೂರು ಗಂಟೆ ಹೀಗೇ ಹೋಯಿತು.

ಊಟಕ್ಕೆ ಬಿಟ್ಟಾಗ ಅವರು ಚಂಡೆಯವರ ಜೊತೆ ಕೂತು ಒಂದು ಪದ್ಯ ಗುನುಗುತ್ತಿದ್ದರು. ಚಂಡೆಯವರು ಅವರ ಮುಖವನ್ನೇ ನೋಡುತ್ತಾ ಮೇಜಿನ ಮೇಲೆ ಬೆರಳು ಆಡಿಸುತ್ತಿದ್ದರು. ಭಾಗವತರ ಹುಬ್ಬು ಏರಿದ ಕಡೆ ಬೆರಳು ನಿಲ್ಲುತ್ತಿತ್ತು. ನನಗೆ ಆಗ ಹೊಳೆಯಿತು. ಇಷ್ಟು ವರ್ಷ ಕಿವಿ ಕಿವಿ ಅಂತ ಹೇಳಿಕೊಂಡು ಬಂದ ನಾನು ಇವರ ಕಿವಿಯಿಂದ ಹಿಮ್ಮೇಳವನ್ನೇ ಕಿತ್ತುಹಾಕಿದ್ದೆ. ಹೆಡ್‌ಫೋನಿನಲ್ಲಿ ಬರುವ ಚಂಡೆ ಅವರ ಪಾಲಿಗೆ ಚಂಡೆಯೇ ಅಲ್ಲ.

ಎಲ್ಲ ವಯರ್ ಬಿಚ್ಚಿದೆ. ಎಲ್ಲರನ್ನೂ ಹಾಲಿಗೆ ತಂದೆ. ಭಾಗವತರ ಮೈಕ್ ಮುಂದಿನಿಂದ ಬರುವ ಶಬ್ದವನ್ನು ಚೆನ್ನಾಗಿ ಹಿಡಿಯುತ್ತದೆ, ಬೆನ್ನ ಕಡೆಯದನ್ನು ಬಹಳ ಕಡಿಮೆ. ಅದರ ಬೆನ್ನು ಚಂಡೆಯ ಕಡೆಗೆ ಬರುವ ಹಾಗೆ ತಿರುಗಿಸಿದೆ. ಹಾಗಾಗಿ ಭಾಗವತರು ಮತ್ತು ಚಂಡೆಯವರು ಎದುರುಬದುರಾದರು. ನಡುವೆ 14 ಅಡಿ. ಮದ್ದಳೆ ಭಾಗವತರ ಪಕ್ಕದಲ್ಲೇ, ಆಟದಲ್ಲಿ ಇರುವ ಹಾಗೆ. ಹೆಡ್‌ಫೋನ್ ಯಾರಿಗೂ ಇಲ್ಲ. ಹೀಗೆ ಮಾಡಿದರೆ ಆಮೇಲೆ ಒಂದು ಪೆಟ್ಟನ್ನೂ ತಿದ್ದಲು ಬರುವುದಿಲ್ಲ, ಒಬ್ಬರ ಶಬ್ದ ಇನ್ನೊಬ್ಬರ ಮೈಕಿನಲ್ಲಿ ಇರುತ್ತದೆ. ಒಬ್ಬರು ತಪ್ಪಿದರೆ ಎಲ್ಲರೂ ಮೊದಲಿನಿಂದ. ಅದನ್ನು ಹೇಳಿದೆ. “ಆಟದಂಗೂ ಹಾಂಗೇ ಅಲ್ದಾ” ಅಂದರು ಭಾಗವತರು.

ಮೊದಲ ಪದ್ಯ ಒಂದೇ ಟೇಕಿನಲ್ಲಿ ಬಂತು. ನಾನು ಮೈಕ್ ಸೆಟ್ಟಿನ ಹಿಂದೆ ಕೂತು ಬೆಳಗು ಮಾಡಿದ ರಾತ್ರಿಗಳಲ್ಲಿ ಕೇಳಿದ್ದ ಅದೇ ದನಿ.

ರೆಕಾರ್ಡ್ ಆದದ್ದನ್ನು ಎಲ್ಲರಿಗೂ ಹಾಕಿ ಕೇಳಿಸಿದೆ. ಭಾಗವತರು ಕಣ್ಣು ಮುಚ್ಚಿ ಕೂತಿದ್ದರು. ಮುಗಿದ ಮೇಲೆ, ಚಂಡೆ ಒಂದು ಕೂದಲೆಳೆ ಹಿಂದೆ ಬೀಳುತ್ತಿದೆ ಅಂದರು. ಶಬ್ದ ಒಂದು ಅಡಿ ದಾಟಲು ಸುಮಾರು 1 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. 14 ಅಡಿಯ ಅಂತರ ಅವರ ಕಿವಿಗೆ ಸಿಕ್ಕಿತ್ತು. ಚಂಡೆಯವರನ್ನು ಎರಡು ಹೆಜ್ಜೆ ಮುಂದೆ ತಂದು ನೆಲಕ್ಕೆ ಟೇಪ್ ಅಂಟಿಸಿದೆ. ಅವತ್ತು ರಾತ್ರಿ ಹತ್ತರೊಳಗೆ ಇನ್ನೂ ಐದು ಪದ್ಯ ಮುಗಿದವು.