ಸಾಕ್ಷಿಯ ಹೆಸರು ಹಿಡಿದು ಹೋದ ದಾರಿ: ಜರ್ಮನ್ ಪೂರ್ವಿಕರನ್ನು ಹುಡುಕಿದ ನನ್ನ ಅನುಭವ

ನಾನು ಶಿವಮೊಗ್ಗ ಜಿಲ್ಲೆಯವಳು. ಮದುವೆಯಾಗಿ ಸೇರಿದ್ದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ನೆಲೆಸಿದ ಜರ್ಮನ್ ಮೂಲದ ಮನೆಯನ್ನು. ಮಾವನವರ ಮುತ್ತಜ್ಜನ ಊರು ಯಾವುದೆಂದು ಪತ್ತೆ ಮಾಡಿಕೊಡುತ್ತೇನೆಂದು ಒಪ್ಪಿಕೊಂಡಾಗ ಆರು ತಿಂಗಳ ಕೆಲಸವೆಂದುಕೊಂಡಿದ್ದೆ; ಮೂರು ವರ್ಷ ಹಿಡಿಯಿತು. ಮನೆಯಲ್ಲಿ ಉಳಿದಿದ್ದದ್ದು ಒಂದೇ ಒಂದು ಕಥೆ: ಎಲ್ಲಿಸ್ ದ್ವೀಪದ ಗುಮಾಸ್ತನೊಬ್ಬ ಮುತ್ತಜ್ಜನ ಹೆಸರನ್ನೇ ಬದಲಿಸಿಬಿಟ್ಟ ಎಂಬುದು. ಎಲ್ಲಿಸ್ ದ್ವೀಪದ ವಲಸೆ ಕೇಂದ್ರ ತೆರೆದದ್ದು 1892ರಲ್ಲಿ. 1870ರ ಜನಗಣತಿಯ ಹೊತ್ತಿಗಾಗಲೇ ಮುತ್ತಜ್ಜ ವಿಸ್ಕಾನ್ಸಿನ್ನಿನ ಡಾಡ್ಜ್ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂತೆ) ಬೇರೊಬ್ಬರ ಹೊಲದಲ್ಲಿ ಕೂಲಿಯಾಗಿದ್ದರು. ಆ ಕಥೆಯನ್ನು ಅಲ್ಲಿಗೇ ಬಿಟ್ಟೆ.

ಜನಗಣತಿಯ ದಾಖಲೆಗಳನ್ನು ಹೊಸದರಿಂದ ಹಳೆಯದಕ್ಕೆ ಓದುತ್ತ ಹೋಗಬೇಕು. ಅಮೆರಿಕದ ಗಣತಿ ಹಾಳೆಗಳು 72 ವರ್ಷಗಳ ಬಳಿಕವೇ ಸಾರ್ವಜನಿಕರಿಗೆ ತೆರೆಯುವುದರಿಂದ ನಾನು 1950ರದ್ದರಿಂದ ಹಿಂದಕ್ಕೆ ಹೊರಟೆ. ನನ್ನ ಅನುಭವದಲ್ಲಿ ಇವುಗಳ ಪೈಕಿ ಅತ್ಯಂತ ಹೆಚ್ಚು ಕೊಡುವುದು 1900ರ ಗಣತಿ: ಹುಟ್ಟಿದ ತಿಂಗಳು ಮತ್ತು ವರ್ಷ, ಮದುವೆಯಾಗಿ ಎಷ್ಟು ವರ್ಷ, ದೇಶಕ್ಕೆ ಬಂದ ವರ್ಷ, ಪೌರತ್ವ ಸಿಕ್ಕಿದೆಯೇ ಎಂಬುದೆಲ್ಲ ಅದರಲ್ಲಿದೆ. ಮುತ್ತಜ್ಜಿಯ ಸಾಲಿನಲ್ಲಿ, ಹೆತ್ತ ಮಕ್ಕಳ ಅಂಕಣದಲ್ಲಿ 9 ಎಂದೂ ಬದುಕಿರುವವರ ಅಂಕಣದಲ್ಲಿ 6 ಎಂದೂ ಇತ್ತು. ಮನೆಯವರಿಗೆ ಗೊತ್ತಿದ್ದದ್ದು ಆರೇ ಮಕ್ಕಳು. ಉಳಿದ ಮೂವರ ಹೆಸರನ್ನು ಯಾರೂ ಕೇಳಿರಲಿಲ್ಲ. ಆದರೆ ಗಣತಿಯನ್ನು ಕಣ್ಣು ಮುಚ್ಚಿ ನಂಬುವಂತಿಲ್ಲ. ಮುತ್ತಜ್ಜ ಬಂದ ವರ್ಷ 1900ರಲ್ಲಿ 1868 ಎಂದೂ, 1910ರಲ್ಲಿ 1866 ಎಂದೂ, 1920ರಲ್ಲಿ 1870 ಎಂದೂ ದಾಖಲಾಗಿತ್ತು. ಉತ್ತರ ಕೊಟ್ಟವರು ಮನೆಯ ಯಾರೋ, ಬರೆದುಕೊಂಡವನು ಜರ್ಮನ್ ಬಾರದ ಗಣತಿದಾರ.

1890ರ ಗಣತಿ ಸಿಗುವುದಿಲ್ಲ. 1921ರಲ್ಲಿ ವಾಷಿಂಗ್ಟನ್ನಿನಲ್ಲಿ ಬಿದ್ದ ಬೆಂಕಿಯ ನಂತರ ಅದರ ಬಹುಪಾಲು ಉಳಿಯಲೇ ಇಲ್ಲ. ವಿಸ್ಕಾನ್ಸಿನ್ ರಾಜ್ಯವೇ 1885 ಮತ್ತು 1895ರಲ್ಲಿ ನಡೆಸಿದ ಗಣತಿಗಳಲ್ಲಿ ಮನೆಯ ಯಜಮಾನನ ಹೆಸರು ಮಾತ್ರ ಇದ್ದು ಉಳಿದವರು ಬರೀ ತಲೆಯೆಣಿಕೆಯಾಗಿರುತ್ತಾರೆ.

ಹೆಸರಿನ ಕಾಗುಣಿತ ಬೇರೆಯದೇ ತಲೆನೋವು. ಮನೆತನದ ಹೆಸರನ್ನು ನಾನಿಲ್ಲಿ ಹೇಳುವುದಿಲ್ಲ. ಅದು ಏಳು ಬಗೆಯಲ್ಲಿ ದಾಖಲಾಗಿತ್ತೆಂದರೆ ಸಾಕು. ಇಲ್ಲಿ ನನಗೆ ಕನ್ನಡ ಲಿಪಿ ಒದಗಿಬಂತು. ಜರ್ಮನ್ನರು ಹೆಸರನ್ನು ಹೇಗೆ ಉಚ್ಚರಿಸುತ್ತಾರೋ ಹಾಗೆಯೇ ಮೊದಲು ಕನ್ನಡದಲ್ಲಿ ಬರೆದುಕೊಂಡು, ಅದು ಇಂಗ್ಲಿಷ್ ಕಿವಿಗೆ ಹೇಗೆ ಕೇಳಿಸಿದ್ದೀತು ಎಂದು ಊಹಿಸುತ್ತ, ಒಂದೊಂದು ರೂಪವನ್ನೂ ಹುಡುಕು ಪೆಟ್ಟಿಗೆಯಲ್ಲಿ ಹಾಕಿ ನೋಡಿದೆ. ಉದಾಹರಣೆಗೆ, ‘ಯೇಗರ್’ ಎಂಬ ಹೆಸರು ಜರ್ಮನ್ ಬರಹದಲ್ಲಿ ‘ಜೆ’ ಅಕ್ಷರದಿಂದ ಆರಂಭವಾದರೂ ಇಂಗ್ಲಿಷ್ ಗುಮಾಸ್ತ ಅದನ್ನು ‘ವೈ’ ಎಂದು ಬರೆದುಕೊಳ್ಳುತ್ತಾನೆ. ಇಟ್ಟ ಹೆಸರಿನದೂ ಅಷ್ಟೇ: ಅಣ್ಣತಮ್ಮಂದಿರೆಲ್ಲ ದೀಕ್ಷಾಸ್ನಾನದಲ್ಲಿ ಯೋಹಾನ್‌ಗಳೇ ಆಗಿದ್ದು, ಕರೆಯುವ ಹೆಸರು ಎರಡನೆಯದೋ ಮೂರನೆಯದೋ ಆಗಿರುತ್ತದೆ.

ಊರಿನ ವಿಷಯಕ್ಕೆ ಬಂದರೆ ಗಣತಿ ಕೈಕೊಡುತ್ತದೆ. ನಮ್ಮಲ್ಲಿ ಎಷ್ಟೋ ಮಂದಿಯ ಇನಿಷಿಯಲ್ಲಿನಲ್ಲಿಯೇ ಊರಿನ ಹೆಸರು ಅಡಗಿರುತ್ತದೆ. ಇಲ್ಲಿ ಪ್ರತಿ ಹಾಳೆಯೂ ಆಗಿನ ಜರ್ಮನ್ ರಾಜ್ಯವಾದ ‘ಪ್ರಷ್ಯ’ ಎಂದೋ, 1871ರಲ್ಲಿ ಜರ್ಮನಿ ಒಂದಾದ ಮೇಲೆ ‘ಜರ್ಮನಿ’ ಎಂದೋ ಹೇಳಿ ಸುಮ್ಮನಾಗುತ್ತದೆ. ಹಡಗು ಹ್ಯಾಂಬರ್ಗ್‌ನಿಂದ ಹೊರಟಿದ್ದರೆ 1850ರಿಂದ 1934ರವರೆಗಿನ ಅಲ್ಲಿಯ ಪ್ರಯಾಣಿಕರ ಪಟ್ಟಿಗಳಲ್ಲಿ ಹಿಂದಿನ ವಾಸಸ್ಥಳ ಸಿಗುತ್ತಿತ್ತು. ಇವರು ಹೊರಟದ್ದು ಬ್ರೆಮೆನ್‌ನಿಂದ. ಆ ಬಂದರಿನ ಹಳೆಯ ಪಟ್ಟಿಗಳು ಬಹುತೇಕ ನಾಶವಾಗಿವೆ.

ಹಾಗಾಗಿ ಮದುವೆ ದಾಖಲೆಗೆ ಬಂದೆ. ಒಂದೇ ಮದುವೆಗೆ ಎರಡು ದಾಖಲೆಗಳಿರಬಹುದೆಂಬುದನ್ನು ಹೊಸಬರು ಮರೆಯಬಾರದು. ಕೌಂಟಿಯ ನಮೂನೆಯಲ್ಲಿ ವರನ ತಂದೆಯ ಹೆಸರೂ ತಾಯಿಯ ತವರು ಮನೆತನದ ಹೆಸರೂ ಇದ್ದವು. ಹುಟ್ಟೂರಿನ ಜಾಗದಲ್ಲಿ ಮತ್ತದೇ ಪ್ರಷ್ಯ. ಲೂಥರನ್ ಚರ್ಚಿನ ರಿಜಿಸ್ಟರನ್ನು ಮಾತ್ರ ಪಾದ್ರಿಯವರು ಕುರೆಂಟ್ ಎಂಬ ಹಳೆಯ ಜರ್ಮನ್ ಕೈಬರಹದಲ್ಲಿ ಬರೆದಿದ್ದರು. ನಮ್ಮ ಕಡೆಯ ಹಳೆಯ ಕಂದಾಯ ಕಡತಗಳ ಮೋಡಿ ಬರಹವನ್ನು ನೋಡಿದವರಿಗೆ ಆ ಪುಟವನ್ನು ಕಂಡ ನನ್ನ ಸ್ಥಿತಿ ಅರ್ಥವಾದೀತು. ಅದರಲ್ಲಿ ‘ಇ’ ಅಕ್ಷರ ‘ಎನ್’ನಂತೆ ಕಾಣುತ್ತದೆ, ‘ಯು’ವನ್ನು ಗುರುತಿಸಲು ತಲೆಯ ಮೇಲೊಂದು ಸಣ್ಣ ಕೊಂಕು ಹಾಕಿರುತ್ತಾರೆ. ಅಕ್ಷರಗಳನ್ನು ದಿನಕ್ಕೆ ಒಂದು ಪುಟದಂತೆ ತಿದ್ದಿ ತಿದ್ದಿಯೇ ಕಲಿತೆ. ಬರೆಯಲು ಬಾರದವರಿಗೆ ಅದನ್ನು ಓದಲೂ ಬಾರದೆಂಬುದು ನನ್ನ ಗಟ್ಟಿ ಅಭಿಪ್ರಾಯ.

ಆದರೂ ಎಡವಿದೆ. ರಿಜಿಸ್ಟರಿನಲ್ಲಿ ತಾರೀಖಿನ ಪಕ್ಕ ‘8ಬರ್’ ಎಂದಿತ್ತು. ಎಂಟನೆಯ ತಿಂಗಳು ಆಗಸ್ಟ್ ತಾನೇ ಎಂದುಕೊಂಡೆ. ಕೌಂಟಿಯ ದಾಖಲೆಯಲ್ಲಿ 1871ರ ಅಕ್ಟೋಬರ್ ಎಂದಿದ್ದುದರಿಂದ ಇವರು ಬೇರೆ ಯಾರೋ ದಂಪತಿ ಎಂದು ಆ ಪುಟವನ್ನು ನಾಲ್ಕು ತಿಂಗಳು ಬದಿಗಿಟ್ಟೆ. ಲ್ಯಾಟಿನ್ನಿನಲ್ಲಿ ‘ಅಕ್ಟೋ’ ಎಂದರೆ ಎಂಟು. 7ಬರ್ ಎಂದರೆ ಸೆಪ್ಟೆಂಬರ್, 8ಬರ್ ಎಂದರೆ ಅಕ್ಟೋಬರ್. ನನಗಿದು ತಿಳಿದದ್ದು ಬೇರೆ ಯಾವುದೋ ಪುಟವನ್ನು ಓದುವಾಗ.

ಆ ಬದಿಗಿಟ್ಟ ಪುಟದಲ್ಲಿಯೇ ಊರಿತ್ತು: ಪ್ರಷ್ಯದ ಪೊಮೆರಾನಿಯ ಪ್ರಾಂತ್ಯದ ನಾಯೆನ್‌ಡಾರ್ಫ್. ಹಿಗ್ಗಿದ್ದು ಹತ್ತು ನಿಮಿಷ ಮಾತ್ರ. ನಾಯೆನ್‌ಡಾರ್ಫ್ ಎಂದರೆ ಹೊಸೂರು, ಮತ್ತು ನಮ್ಮ ಹೊಸೂರು, ಹೊಸಹಳ್ಳಿಗಳಂತೆಯೇ ಆ ಹೆಸರಿನ ಊರುಗಳು ಅಲ್ಲಿ ಬೇಕಾದಷ್ಟಿವೆ. ಜರ್ಮನ್ ಸಾಮ್ರಾಜ್ಯದ ಊರುಗಳನ್ನೆಲ್ಲ ಪಟ್ಟಿ ಮಾಡುವ 1912ರ ಮೇಯರ್ಸ್ ಕೋಶದಲ್ಲಿ ಅವುಗಳ ಸಾಲನ್ನು ಕಂಡು ಕೋಶವನ್ನು ಮುಚ್ಚಿದೆ.

ದಾರಿ ತೋರಿದ್ದು ಮದುವೆಯ ಸಾಕ್ಷಿ. ಅದೇ ಹೆಸರಿನವನು 1870ರ ಗಣತಿ ಹಾಳೆಯಲ್ಲಿ ಮುತ್ತಜ್ಜ ಕೂಲಿಗಿದ್ದ ಮನೆಯಿಂದ ಎರಡು ಮನೆ ಆಚೆಗಿದ್ದ. ಅವನ ಮದುವೆ 1869ರಲ್ಲಿ ಅದೇ ಚರ್ಚಿನಲ್ಲಿ ಆಗಿತ್ತು. ಅವನ ನಮೂದಿನಲ್ಲಿ ನಾಯೆನ್‌ಡಾರ್ಫ್ ಜೊತೆಗೆ ‘ಕ್ರೈಸ್’, ಅಂದರೆ ನಮ್ಮ ತಾಲ್ಲೂಕಿನಂಥ ಆಡಳಿತ ವಿಭಾಗದ ಹೆಸರೂ ಇತ್ತು. ವಧು ಮುತ್ತಜ್ಜನ ಅಕ್ಕ. ಸಾಕ್ಷಿಯಾಗಿ ನಿಂತವನು ಭಾವ.

ಆ ಪ್ರದೇಶ ಈಗ ಪೋಲೆಂಡಿನಲ್ಲಿದೆ. ಪ್ರಷ್ಯದಲ್ಲಿ ಸರ್ಕಾರಿ ಜನನ, ವಿವಾಹ, ಮರಣ ನೋಂದಣಿ ಆರಂಭವಾದದ್ದು 1874ರ ಅಕ್ಟೋಬರ್ 1ರಂದು. ಅದಕ್ಕೆ ಮೊದಲೇ ಹೊರಟುಬಂದವರು ಅದರಲ್ಲಿರುವುದಿಲ್ಲ. ಆದರೆ ಊರಿನಲ್ಲಿಯೇ ಉಳಿದ ಒಡಹುಟ್ಟಿದವರು ಇರುತ್ತಾರೆ. ಶ್ಚೆಚಿನ್ ನಗರದ ಸರ್ಕಾರಿ ಪತ್ರಾಗಾರದ ಸ್ಕ್ಯಾನುಗಳಲ್ಲಿ ತಂಗಿಯೊಬ್ಬಳ 1879ರ ಮದುವೆ ಸಿಕ್ಕಿತು. ತಂದೆತಾಯಿಯರ ಹೆಸರುಗಳು ಡಾಡ್ಜ್ ಕೌಂಟಿಯ ನಮೂನೆಯೊಂದಿಗೆ ಅಕ್ಷರಶಃ ಹೊಂದಿದವು. ತಂದೆ ಮೃತ ಎಂದಿತ್ತು; ತಾಯಿಯ ವಾಸಸ್ಥಳದ ಜಾಗದಲ್ಲಿ ‘ಅಮೆರಿಕ’ ಎಂದಿತ್ತು.

ಕೂಡಲೇ 1880ರ ಗಣತಿ ಹಾಳೆಯನ್ನು ಮತ್ತೆ ತೆರೆದೆ. ಮನೆಯ ಯಜಮಾನನಿಗೆ ಪ್ರತಿಯೊಬ್ಬರೂ ಏನಾಗಬೇಕೆಂದು ಮೊದಲ ಬಾರಿ ಬರೆದುಕೊಂಡದ್ದು ಆ ಗಣತಿಯಲ್ಲಿ. ಭಾವನ ಮನೆಯ ಕೊನೆಯ ಸಾಲಿನಲ್ಲಿ, ನಾನು ಊಹಿಸಿರದ ಎಂಟನೆಯ ಕಾಗುಣಿತದಲ್ಲಿ ಆಕೆ ಇದ್ದರು: ಅತ್ತೆ, ವಯಸ್ಸು 66, ವಿಧವೆ ಎಂಬ ಅಂಕಣದಲ್ಲಿ ಒಂದು ಗೀಟು, ಬರೆಯಲು ಬಾರದು ಎಂಬ ಅಂಕಣದಲ್ಲಿ ಇನ್ನೊಂದು.