ಘಮ ಬಂತೇ? ಒಲೆ ಆರಿಸಿ: ಚೀನಾದ ಜ್ವರದ ಕಷಾಯ ಮಾಡುವ ಬಗೆ

ನಮ್ಮ ಮನೆಗಳಲ್ಲಿ ಕಷಾಯವೆಂದರೆ ನಾಲ್ಕು ಲೋಟ ನೀರು ಬತ್ತಿ ಒಂದು ಲೋಟಕ್ಕೆ ಇಳಿಯಬೇಕು. ಚೀನಾದ ‘ಯಿನ್ ಛಿಯಾವ್ ಸಾನ್’ಗೆ ಈ ಲೆಕ್ಕ ಹಿಡಿದರೆ ಮದ್ದು ಕೆಟ್ಟಂತೆ. ಜ್ವರ, ಗಂಟಲುನೋವು, ಬಾಯಾರಿಕೆಯಿಂದ ಶುರುವಾಗುವ ಫ್ಲೂಗೆ ಅಲ್ಲಿನ ವೈದ್ಯರು ಇಂದಿಗೂ ಬರೆದುಕೊಡುವ ಈ ಮದ್ದು, ವೈದ್ಯ ವೂ ಜೂತೊಂಗ್ 1798ರಲ್ಲಿ ಬರೆದ ‘ವೆನ್‌ಬಿಂಗ್ ತಿಯಾವ್‌ಬಿಯೆನ್’ ಗ್ರಂಥದ್ದು.

ಮುಖ್ಯವಾದವು ಎರಡು: ಜಿನ್‌ಯಿನ್‌ಹುವಾ (ಹನಿಸಕಲ್) ಮೊಗ್ಗು, ಲಿಯೆನ್‌ಛಿಯಾವ್ (ಫಾರ್ಸಿತಿಯಾ) ಕಾಯಿ. ಮೊದಲನೆಯದರ ಅರ್ಥ ‘ಚಿನ್ನ ಬೆಳ್ಳಿ ಹೂ’. ಅರಳುವಾಗ ಬೆಳ್ಳಗಿದ್ದು, ಒಂದೆರಡು ದಿನದಲ್ಲಿ ಹಳದಿಗೆ ತಿರುಗುತ್ತದೆ. ಒಂದೇ ಬಳ್ಳಿಯಲ್ಲಿ ಎರಡೂ ಬಣ್ಣ. ಮದ್ದಿಗೆ ಬೇಕಾದ್ದು ಮಾತ್ರ ಬಿರಿಯದ ಮೊಗ್ಗು. ಜೊತೆಗೆ ಪುದೀನ, ಜ್ಯೇಷ್ಠಮಧು, ಬಿದಿರೆಲೆ, ಹುದುಗು ಬರಿಸಿದ ಸೋಯಾ ಕಾಳು, ಇನ್ನೂ ಮೂರು ಮೂಲಿಕೆ.

ಎಲ್ಲವನ್ನೂ ತರಿತರಿಯಾಗಿ ಕುಟ್ಟಿ ಬೆರೆಸಿಡಿ. ಒಂದು ಹೊತ್ತಿಗೆ ಆರು ಛಿಯೆನ್, ಅಂದರೆ ಸುಮಾರು 20 ಗ್ರಾಂ. ಪಾತ್ರೆ ಮಣ್ಣಿನದಿರಲಿ, ಕಬ್ಬಿಣ, ಅಲ್ಯೂಮಿನಿಯಂ ಬೇಡ. ಕುದಿಸಲು ಬರೀ ನೀರಲ್ಲ, ಜೊಂಡಿನ ಹಸಿ ಬೇರು ಕುದಿಸಿ ಸೋಸಿದ ನೀರು. ಪುಡಿ ಹಾಕಿ, ಕುದಿ ಬಂದ ಮೇಲೆ ಒಲೆ ಬಿಟ್ಟು ಕದಲಬೇಡಿ. ಘಮ ಗಾಢವಾಗಿ ಎದ್ದ ಕೂಡಲೇ ಇಳಿಸಿ, ಸೋಸಿ, ಕುಡಿಯಲು ಕೊಡಿ. ಹೆಚ್ಚು ಕುದಿಸಬೇಡಿ ಎಂದು ವೂ ಸ್ಪಷ್ಟವಾಗಿಯೇ ಬರೆದಿದ್ದಾರೆ: ಈ ಮದ್ದು ಹೋಗಬೇಕಾದದ್ದು ಶ್ವಾಸಕೋಶಕ್ಕೆ, ಅತಿಯಾಗಿ ಕುದ್ದು ರುಚಿ ಗಡುಸಾದರೆ ಹೊಟ್ಟೆಯ ಕಡೆಗೆ ಇಳಿಯುತ್ತದೆ ಎಂಬುದು ಅವರ ವಾದ. ನನಗೆ ಇನ್ನೂ ಸರಳವಾಗಿ ಕಾಣುವ ಕಾರಣ, ಪುದೀನದ ಎಣ್ಣೆ ಆವಿಯ ಜೊತೆ ಹಾರಿಹೋಗುತ್ತದೆ.

ಜ್ವರ ಜೋರಾಗಿದ್ದರೆ ನಾಲ್ಕು ತಾಸಿಗೊಮ್ಮೆಯಂತೆ ಹಗಲು ಮೂರು ಸಲ, ರಾತ್ರಿ ಒಂದು ಸಲ. ಸೌಮ್ಯವಾಗಿದ್ದರೆ ಆರು ತಾಸಿಗೊಮ್ಮೆ.

ಫಲವಿದೆಯೇ? ಹಂದಿಜ್ವರದ ಕಾಲದಲ್ಲಿ ಚೀನಾದಲ್ಲಿ 410 ರೋಗಿಗಳ ಮೇಲೆ ಪ್ರಯೋಗವೊಂದು ನಡೆದು, 2011ರಲ್ಲಿ ಪ್ರಕಟವಾಯಿತು. ಇದೇ ಮದ್ದನ್ನು ‘ಮಾ ಶಿಂಗ್ ಶಿ ಗಾನ್’ ಎಂಬ ಇನ್ನೊಂದರ ಜೊತೆ ಕೊಟ್ಟಾಗ, ಮದ್ದಿಲ್ಲದವರಿಗಿಂತ ಬೇಗ ಜ್ವರ ಇಳಿಯಿತು. ಆದರೆ ಅವರಿಗೆ ಇದ್ದದ್ದು ಸೌಮ್ಯ ಕಾಯಿಲೆ. ಅದನ್ನೇ ನೆಚ್ಚಿಕೊಂಡು ನ್ಯುಮೋನಿಯಾಕ್ಕೂ ಕಷಾಯ ಸಾಕು ಎನ್ನುವವರ ಮಾತು ದಯವಿಟ್ಟು ಕೇಳಬೇಡಿ. ಮಾ ಶಿಂಗ್ ಶಿ ಗಾನ್‌ನಲ್ಲಿರುವ ಮಾಹುವಾಂಗ್ ಎಫೆಡ್ರಿನ್ ಇರುವ ಗಿಡ. ಬಿಪಿ, ಎದೆಬಡಿತ ಎರಡನ್ನೂ ಏರಿಸುತ್ತದೆ. ಜ್ಯೇಷ್ಠಮಧು ಹೆಚ್ಚಾದರೂ ಬಿಪಿ ಏರುತ್ತದೆ. ಬಸುರಿಯರು, ಹೃದ್ರೋಗಿಗಳು, ಬೇರೆ ಮಾತ್ರೆ ನುಂಗುತ್ತಿರುವವರು ತಮ್ಮ ಡಾಕ್ಟರನ್ನು ಕೇಳದೆ ಮುಟ್ಟಬಾರದು. ಏದುಸಿರು ಬಂದರೆ, ತುಟಿ ನೀಲಿಗಟ್ಟಿದರೆ, ಕಷಾಯ ಪಕ್ಕಕ್ಕಿಟ್ಟು ಆ ಕ್ಷಣವೇ ಆಸ್ಪತ್ರೆಗೆ ಹೊರಡಿ.